ಮನೆ ನಮ್ಮದು, ಮನುಷ್ಯ?

ನಾಗಸಾಕಿಯ ಗುಡ್ಡದ ಮೇಲೆ ಗ್ಲೋವರ್ ಉದ್ಯಾನವಿದೆ. ಕೆಳಗೆ ಬಂದರು. ಸ್ಕಾಟ್ಲೆಂಡಿನ ವ್ಯಾಪಾರಿ ಥಾಮಸ್ ಗ್ಲೋವರ್ 1863ರಲ್ಲಿ ಕಟ್ಟಿಸಿದ ಮನೆ ಇಲ್ಲಿಯದು: ಪಾಶ್ಚಾತ್ಯ ರೀತಿಯ ಜಗಲಿ, ಮೇಲೆ ಜಪಾನಿ ಹೆಂಚು. ಎರಡು ನಾಡುಗಳು ಎಷ್ಟು ಸಲೀಸಾಗಿ ಬೆರೆತಿವೆ ಎಂದು ಮೆಚ್ಚಲು ಹೊರಟಾಗಲೆಲ್ಲ ಗ್ಲೋವರರ ಮಗನ ನೆನಪು ನನ್ನನ್ನು ತಡೆಯುತ್ತದೆ.

ಕುರಾಬಾ ತೊಮಿಸಾಬುರೊ ಹುಟ್ಟಿದ್ದು 1870ರಲ್ಲಿ, ತಾಯಿ ಜಪಾನಿ. ಅವರು ನಾಗಸಾಕಿಯಲ್ಲೇ ಬಾಳಿದರು, ಅಲ್ಲಿಯ ಮೀನುಗಾರಿಕೆಗೆ ದುಡಿದರು, ಸ್ಥಳೀಯ ಕಲಾವಿದರಿಂದ ಜಲಚರಗಳ 800ಕ್ಕೂ ಹೆಚ್ಚು ಚಿತ್ರಪಟ ಬರೆಸಿದರು. ಆದರೂ ಯುದ್ಧಕಾಲದಲ್ಲಿ ಅವರನ್ನು ಗೂಢಚಾರನೆಂದು ಶಂಕಿಸಿ ಕಣ್ಣಿಟ್ಟರು. ಅಣುಬಾಂಬು ಬಿದ್ದ ಹದಿನೇಳು ದಿನಕ್ಕೆ, 1945ರ ಆಗಸ್ಟ್ 26ರಂದು, ಅವರು ತಮ್ಮ ಬದುಕನ್ನು ತಾವೇ ಕೊನೆಗೊಳಿಸಿದರು.

ಇಂದು ಆ ಮನೆ ವಿಶ್ವ ಪರಂಪರೆಯ ತಾಣ, ಊರಿನ ಹೆಮ್ಮೆ. ಎರಡು ನಾಡಿನ ಮನೆ ನಮ್ಮದಾಗಬಹುದಾದರೆ ಎರಡು ನಾಡಿನ ಮನುಷ್ಯ ಯಾಕಾಗಲಿಲ್ಲ? ಅಂದಿನವರೇ ಬೇರೆ, ಇಂದಿನವರೇ ಬೇರೆ ಎನ್ನಬಹುದು, ನಿಜ. ಇದು ಒಂದೇ ಊರಿನ ತಪ್ಪೂ ಅಲ್ಲ. ಮನೆಯ ಬಳಿ ಯಾರೂ ನಿಷ್ಠೆಗೆ ಸಾಕ್ಷಿ ಕೇಳುವುದಿಲ್ಲ, ಮನುಷ್ಯನ ಬಳಿ ಕೇಳುತ್ತೇವೆ. ಅದೂ ನಮಗೆ ಭಯವಾದಾಗ. ಹೊರಗಿನದನ್ನು ಅದು ಹಳತಾಗಿ, ನಿರಪಾಯವಾದ ಮೇಲಷ್ಟೇ ಒಪ್ಪಿಕೊಳ್ಳುವುದು ಔದಾರ್ಯವಲ್ಲ. ಭಯದ ದಿನಗಳಲ್ಲಿ, ಎದುರಿಗೆ ಬದುಕಿರುವವರನ್ನು ನಮ್ಮವರೆನ್ನಬಲ್ಲೆವೇ? ಔದಾರ್ಯದ ಪರೀಕ್ಷೆ ಅಲ್ಲಿದೆ.