ಚಿವುಟುವುದು, ಕೀಳುವುದು, ಕೂಡಿಡುವುದು

ಏಪ್ರಿಲ್ ತಿಂಗಳಲ್ಲಿ ಲೀಡ್ಸ್ ನಗರದ ಅಂಚಿನ ಕಾಡಿಗೆ ಹೋದರೆ ಕಣ್ಣಿಗಿಂತ ಮೊದಲು ಮೂಗಿಗೆ ಸುದ್ದಿ ಮುಟ್ಟುತ್ತದೆ. ಯಾರೋ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜುತ್ತಿರುವಂಥ ವಾಸನೆ. ಹತ್ತು ಹೆಜ್ಜೆ ಮುಂದೆ ಹಳ್ಳದ ಎರಡೂ ದಂಡೆಗೆ ಹಸಿರು ಹಾಸಿರುತ್ತದೆ. ಅದೇ ಕಾಡು ಬೆಳ್ಳುಳ್ಳಿ. ಇದರಲ್ಲಿ ಜನ ತಿನ್ನುವುದು ಹೆಚ್ಚಾಗಿ ಎಲೆಯನ್ನು. ಮರಗಳು ಚಿಗುರಿ ನೆರಳು ಕವಿಯುವ ಮೊದಲೇ ಎಲೆ ಬಿಟ್ಟು, ಬಿಳಿ ಹೂ ಅರಳಿಸಿ, ಜೂನ್ ಹೊತ್ತಿಗೆ ಹಳದಿಯಾಗಿ ಮಣ್ಣು ಸೇರುತ್ತದೆ. ನೆಟ್ಟವರಿಲ್ಲ, ನೀರೆರೆದವರಿಲ್ಲ, ಕಾವಲಿನವರಿಲ್ಲ.

ಯಾರೂ ಬೆಳೆಯದೆ ಬೆಳೆದದ್ದನ್ನು ನಾನು ಎಷ್ಟು ತೆಗೆದುಕೊಳ್ಳಬಹುದು? ಈ ಪ್ರಶ್ನೆ ನನಗೆ ಎದುರಾದದ್ದು ನಮ್ಮ ಮನೆಯ ಫ್ರೀಜರ್ ಮುಂದೆ.

ಮೊದಲ ವರ್ಷ ಒಂದು ಹಿಡಿ ತಂದು ಬೇಳೆಗೆ ಹಾಕಿದ್ದೆ. ಎರಡನೆಯ ವರ್ಷ ಎರಡು ದೊಡ್ಡ ಚೀಲ ಒಯ್ದೆ. ಒಣಗಿಸಿದರೆ ಈ ಎಲೆಯ ಘಮ ಹೋಗುತ್ತದೆ. ಎಣ್ಣೆಯಲ್ಲಿ ರುಬ್ಬಿ ಹೊರಗಿಟ್ಟರೆ ಗಾಳಿಯಾಡದ ಆ ಜಾಗದಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಉಳಿಯುವ ದಾರಿ ಫ್ರೀಜರ್. ಕತ್ತರಿ ಹಿಡಿದು ಗೊಂಚಲು ಗೊಂಚಲಾಗಿ ಕತ್ತರಿಸಿ ತಂದು, ಎಣ್ಣೆ, ವಾಲ್‌ನಟ್, ಚೀಸ್ ಹಾಕಿ ರುಬ್ಬಿ, ಹದಿನಾಲ್ಕು ಡಬ್ಬಿ ತುಂಬಿದೆ. ಹೇಗಿದ್ದರೂ ಜೂನ್‌ನಲ್ಲಿ ಕೊಳೆತು ಹೋಗುವ ಎಲೆ ತಾನೆ ಎಂಬುದು ನನ್ನ ಸಮಾಧಾನ.

ನಾಲ್ಕನೆಯ ಡಬ್ಬಿ ತೆರೆದ ದಿನ ಮಗಳು ಒಂದು ತುತ್ತು ಬಾಯಿಗಿಟ್ಟು ಅಳತೊಡಗಿದಳು. ನಾಲಿಗೆಗೆ ಸೂಜಿ ಚುಚ್ಚಿದಂತಾಗುತ್ತಿದೆ ಎಂದಳು. ನಾನೂ ರುಚಿ ನೋಡಿದೆ. ಸರಿಯಾಗಿ ಬೇಯದ ಕೆಸುವಿನ ಎಲೆ ತಿಂದವರಿಗೆ ಆ ಉರಿ ಗೊತ್ತಿರುತ್ತದೆ. ಕಾಡು ಬೆಳ್ಳುಳ್ಳಿಯ ನಡುವೆಯೇ ಆರಮ್ ಎಂಬ ಗಿಡ ಬೆಳೆಯುತ್ತದೆ. ಅದು ಕೆಸುವಿನ ಕುಟುಂಬದ್ದೇ. ಎಳೆಯ ಎಲೆಯಿದ್ದಾಗ ಎರಡನ್ನೂ ಗುರುತಿಸುವುದು ಕಷ್ಟ. ಮೂಸಿ ನೋಡಿ ಎನ್ನುತ್ತಾರೆ. ಆದರೆ ಹತ್ತು ಎಲೆ ಕೊಯ್ಯುವಷ್ಟರಲ್ಲಿ ಕೈಯೇ ಬೆಳ್ಳುಳ್ಳಿ ನಾರುತ್ತದೆ, ಆಮೇಲೆ ಯಾವ ಎಲೆ ಮೂಸಿದರೂ ಬೆಳ್ಳುಳ್ಳಿಯೇ. ಒಂದೊಂದೇ ಎಲೆ ನೋಡಿ ಕೊಯ್ದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಒಂದು ಗಂಟೆಯಲ್ಲಿ ಉರಿ ಇಳಿಯಿತು. ಇದಕ್ಕಿಂತ ಅಪಾಯದ, ಹೃದಯಕ್ಕೇ ವಿಷವಾಗುವ ಲಿಲಿ ಆಫ್ ದ ವ್ಯಾಲಿಯ ಎಲೆಯೂ ಇದನ್ನೇ ಹೋಲುತ್ತದೆ ಎಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂದೇ ರಾಶಿಯಿಂದ ರುಬ್ಬಿದ್ದರಿಂದ ಉಳಿದ ಹತ್ತು ಡಬ್ಬಿಗಳ ಮೇಲೂ ನಂಬಿಕೆ ಹೋಯಿತು. ಎಸೆಯಲು ಮನಸ್ಸು ಬರದೆ ಹಾಗೇ ಇಟ್ಟಿದ್ದೆ. ಮುಂದಿನ ಫೆಬ್ರವರಿಯಲ್ಲಿ ಮನೆ ಬದಲಿಸುವಾಗ ಒಂದೊಂದನ್ನೇ ಕಸದ ತೊಟ್ಟಿಗೆ ಹಾಕಿದೆ.

ಕಾನೂನಿನ ಕಣ್ಣಿನಲ್ಲಿ ನಾನು ತಪ್ಪು ಮಾಡಿರಲಿಲ್ಲ. ತಾನಾಗಿ ಬೆಳೆದ ಗಿಡದ ಎಲೆ, ಹೂ, ಹಣ್ಣನ್ನು ಮಾರಾಟಕ್ಕಲ್ಲದೆ ಕೊಯ್ದರೆ ಇಲ್ಲಿನ 1968ರ ಕಳ್ಳತನದ ಕಾಯಿದೆ ಅದನ್ನು ಕಳವು ಎನ್ನುವುದಿಲ್ಲ. ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಬೇರುಸಹಿತ ಕಿತ್ತರೆ ಮಾತ್ರ 1981ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಚಿವುಟಬಹುದು, ಕೀಳಬಾರದು. ಇದನ್ನು ಓದಿದಾಗ ನನಗೆ ನೆನಪಾದದ್ದು ಕೋಲಾರದ ಕಡೆಯ ನಮ್ಮಜ್ಜಿ.

ಮಳೆ ಬಿದ್ದು ವಾರವಾದರೆ ಅಜ್ಜಿ ಬೆರಕೆ ಸೊಪ್ಪಿಗೆ ಹೊಲದ ಕಡೆ ಹೊರಡುತ್ತಿದ್ದಳು. ಅಣ್ಣೆ, ಗೋಣಿ, ಹೊನಗೊನೆ, ಹೀಗೆ ಬದುವಿನಲ್ಲಿ ತಾನಾಗಿ ಹುಟ್ಟಿದ್ದನ್ನೆಲ್ಲ ಕುಡಿ ಮಾತ್ರ ಚಿವುಟಿ ಮಡಿಲಿಗೆ ಹಾಕಿಕೊಳ್ಳುವಳು. ಮಡಿಲು ತುಂಬಿದರೆ ಮುಗಿಯಿತು. ನಾನು ಇನ್ನಷ್ಟು ಎಂದರೆ, “ಸಾಕು ಬಾರೆ, ಸಾರಿಗಾಯ್ತಲ್ಲ” ಎನ್ನುತ್ತಿದ್ದಳು. ಅದೇ ಸಂಜೆ ಸೊಪ್ಪು ಬೆಂದು, ಮಸೆದು, ಮುದ್ದೆಯ ಜೊತೆ ಖಾಲಿಯಾಗುತ್ತಿತ್ತು.

ಅಜ್ಜಿಯನ್ನು ಹೊಗಳಿ ಇಲ್ಲಿಗೇ ನಿಲ್ಲಿಸುವುದು ಸುಲಭ. ಆದರೆ ಅವಳ ಮನೆಯಲ್ಲಿ ಫ್ರಿಜ್ ಇರಲಿಲ್ಲ. ನಾಳೆಗೆ ಬಾಡುವ ಸೊಪ್ಪನ್ನು ಹೆಚ್ಚು ತಂದು ಮಾಡುವುದೇನು? ಅವಳ ಮಿತಿ ಅವಳ ಗುಣವೋ, ಸೊಪ್ಪಿನ ಗುಣವೋ?

ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದೇ ಜಾಗದಲ್ಲಿ ನಿಂತು ಯೋಚಿಸಿದ್ದಾನೆ. ಓಕ್ ಮರದಡಿ ಬಿದ್ದ ಕಾಯಿ ಆಯ್ದವನಿಗೆ ಅದು ಯಾವ ಕ್ಷಣದಲ್ಲಿ ಸ್ವಂತವಾಯಿತು ಎಂದು ಕೇಳುತ್ತಾನೆ. ಆಯ್ದ ಶ್ರಮವೇ ಅದನ್ನು ಅವನದಾಗಿಸುತ್ತದೆ ಎಂಬುದು ಅವನ ಉತ್ತರ. ಆದರೆ ಎರಡು ಷರತ್ತು: ಉಳಿದವರಿಗೆ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು, ಮತ್ತು ಕೆಡುವ ಮೊದಲು ಬಳಸಲಾಗುವಷ್ಟನ್ನು ಮಾತ್ರ ತೆಗೆದುಕೊಳ್ಳಬೇಕು. ಅದಕ್ಕಿಂತ ಹೆಚ್ಚಿನದು ಬೇರೆಯವರ ಪಾಲು. ಹಾಗೆಂದು ವಾರದಲ್ಲಿ ಕೊಳೆಯುವ ಹಣ್ಣು ಕೊಟ್ಟು ವರ್ಷವಿಡೀ ಉಳಿಯುವ ಬೀಜ ಪಡೆದವನದು ತಪ್ಪಲ್ಲ ಎಂದೂ ಹೇಳುತ್ತಾನೆ. ಕೆಡದಿರುವ ವಸ್ತುವನ್ನು, ಕೊನೆಗೆ ಹಣವನ್ನು, ಎಷ್ಟು ಬೇಕಾದರೂ ಕೂಡಿಡಬಹುದೆಂದು ಒಪ್ಪುವ ಹೊತ್ತಿಗೆ ಅವನ ಎರಡನೆಯ ಷರತ್ತು ಕೈಜಾರುತ್ತದೆ.

ನನ್ನ ಫ್ರೀಜರ್ ಮಾಡಿದ್ದೂ ಅದೇ. ಹೊಟ್ಟೆಗೆ ಒಂದು ಅಳತೆಯಿದೆ, ಮಡಿಲಿಗೂ ಇದೆ. ‘ಕೆಡುವುದಿಲ್ಲ’ ಎಂದಾದ ಮೇಲೆ ‘ಸಾಕು’ ಎನ್ನುವುದನ್ನು ನಾನೇ ಹೇಳಬೇಕು, ಎಲೆ ಹೇಳುವುದಿಲ್ಲ. ನಾನು ಹೇಳಲಿಲ್ಲ.

ಹಾಗಾದರೆ ಕೂಡಿಡುವುದೇ ತಪ್ಪೇ? ಅಜ್ಜಿಯೂ ಕೂಡಿಡುತ್ತಿದ್ದಳು. ಮುಂದಿನ ಸುಗ್ಗಿಯವರೆಗಿನ ರಾಗಿ, ಮಡಕೆಯಲ್ಲಿ ಹುರುಳಿ, ಬೇಸಿಗೆಯಲ್ಲಿ ಒಣಗಿಸಿದ ಸಂಡಿಗೆ. ಆದರೆ ಅವುಗಳಿಗೆಲ್ಲ ಒಂದು ದಿನ ಗೊತ್ತಿತ್ತು: ಮಳೆಗಾಲಕ್ಕೆ, ಹಬ್ಬಕ್ಕೆ, ನೆಂಟರು ಬಂದಾಗ. ನನ್ನ ಹದಿನಾಲ್ಕು ಡಬ್ಬಿಗೆ ಯಾವ ದಿನವೂ ಇರಲಿಲ್ಲ. ಕೈಗೆ ಸಿಗುವುದು ತಪ್ಪಿಹೋದೀತು ಎಂಬ ಭಯವನ್ನು ನಾನು ಹಸಿವು ಎಂದುಕೊಂಡಿದ್ದೆ.

ಉತ್ತರ ಅಮೆರಿಕದಲ್ಲಿ ಇದೇ ಜಾತಿಗೆ ಹತ್ತಿರದ ರ್‍ಯಾಂಪ್ ಎಂಬ ಗಿಡವನ್ನು ಗಡ್ಡೆಸಹಿತ ಕಿತ್ತು ತಿನ್ನುತ್ತಾರೆ. ಅದು ಬೀಜದಿಂದ ಹೂವಿಗೆ ಬರಲು ಹಲವು ವರ್ಷ ಬೇಕು. ಕೆನಡಾದ ಕ್ವಿಬೆಕ್ ಪ್ರಾಂತ 1995ರಲ್ಲಿ ಅದರ ಮಾರಾಟ ನಿಲ್ಲಿಸಿತು. ಸ್ವಂತಕ್ಕಾದರೂ ಒಬ್ಬರಿಗೆ ವರ್ಷಕ್ಕೆ 50 ಗಡ್ಡೆ ಮಾತ್ರ. ಸಾರಿಗಾಯ್ತಲ್ಲ ಎನ್ನುವವರು ಇಲ್ಲದೆಡೆ ಸರ್ಕಾರವೇ ಗಡ್ಡೆ ಎಣಿಸಬೇಕಾಯಿತು.

ಹೊಸ ಮನೆಯ ಹಿತ್ತಲಿನ ನೆರಳಿನಲ್ಲಿ, ಕಾಡಿನಿಂದ ತಂದ ಒಂದು ಚಿಟಿಕೆ ಬೀಜ ಚೆಲ್ಲಿದೆ. ಚಳಿಗಾಲ ಕಳೆದ ಮೇಲೆ ಹುಲ್ಲಿನ ಎಸಳಿನಂತೆ ಸಣ್ಣಗೆ ಮೊಳೆತವು. ಹೂ ಕಾಣಲು ಇನ್ನೂ ಕೆಲವು ವರ್ಷ ಕಾಯಬೇಕು. ಬೆಳೆದವಳು ನಾನು ಎಂಬ ಹಕ್ಕೇನೂ ಇದರಿಂದ ಹುಟ್ಟಲಿಲ್ಲ, ಬೀಜವೂ ಕಾಡಿನದೇ ಅಲ್ಲವೇ. ಆದರೆ ಕತ್ತರಿಯ ಒಂದು ಏಟಿಗೆ ಎಷ್ಟು ವರ್ಷ ಸಿಕ್ಕಿಕೊಳ್ಳುತ್ತವೆ ಎಂಬ ಲೆಕ್ಕ ಈಗ ಗೊತ್ತು. ಆ ಎಲೆಗಳೇ ಮುಂದಿನ ವರ್ಷದ ಗಡ್ಡೆಗೆ ಊಟ ಎಂಬುದೂ ಗೊತ್ತು.

ಈ ಏಪ್ರಿಲ್‌ನಲ್ಲಿ ಮಗಳೊಡನೆ ಹೋಗಿದ್ದೆ. ಕತ್ತರಿ ಒಯ್ಯಲಿಲ್ಲ. ಒಂದು ಗಿಡಕ್ಕೆ ಒಂದೇ ಎಲೆ, ಪ್ರತಿಯೊಂದನ್ನೂ ತಿರುಗಿಸಿ ನೋಡಿ. ಬಟ್ಟೆಯ ಚೀಲ ಅರ್ಧವಾದಾಗ ಸಾಕು ಎಂದೆ. “ಇನ್ನೂ ಎಷ್ಟೊಂದಿದೆಯಲ್ಲಮ್ಮ!” ಎಂದಳು. ಇದೆ, ಇರಲಿ ಎಂದೆ. ಅವಳಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ.

ರಾತ್ರಿ ಮಸ್ಸೊಪ್ಪು ಮಾಡಿದೆವು. ಮಿಕ್ಕದ್ದರಲ್ಲಿ ಒಂದು ಡಬ್ಬಿ ತುಂಬಿ ಫ್ರೀಜರ್‌ಗೆ ಇಟ್ಟೆವು. ಮೇ 20ಕ್ಕೆ ಬೆಂಗಳೂರಿನಿಂದ ಅಮ್ಮ ಬರುತ್ತಿದ್ದಾಳೆ. ಡಬ್ಬಿಯ ಮುಚ್ಚಳದ ಮೇಲೆ ಮಗಳು ಆ ತಾರೀಖು ಬರೆದಳು.