ಅವ್ವನಿಗೆ ಕೇಳಿಸಿದ ದುಂಬಿ

☸️ *ಇಂದಿನ ಧಮ್ಮಚಿಂತನೆ*



ಒಂಬತ್ತು ದಿನದಿಂದ ‘ಬುದ್ಧ ಮತ್ತು ಆತನ ಧಮ್ಮ’ದ ಓದಿನ ಆಡಿಯೋ ಗುಂಪಿಗೆ ಬಂದಿಲ್ಲ. ಯಾಕೆ ಮೇಷ್ಟ್ರೇ ಎಂದು ಹಲವರು ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದವಿದೆ. ನನ್ನ ತಪ್ಪೂ ಅದರೊಳಗಿದೆ.

ಈ ಓದನ್ನು ನಾನು ಶುರು ಮಾಡಿದ್ದು ನನ್ನ ಅವ್ವನಂಥವರಿಗಾಗಿ. ಆಕೆಯನ್ನು ಶಾಲೆಗೆ ಕಳಿಸಿದವರಿಲ್ಲ, ಕರೆದವರೂ ಇಲ್ಲ. ಧಮ್ಮ ಆಕೆಗೆ ಕಿವಿಯ ದಾರಿಯಲ್ಲೇ ಬರಬೇಕು. ಅದೇನೂ ಕಡಿಮೆಯ ದಾರಿಯಲ್ಲ. ಸುತ್ತಗಳು ಬರಹಕ್ಕಿಳಿಯುವ ಮೊದಲು ನೂರಾರು ವರ್ಷ ಬಾಯಿಂದ ಕಿವಿಗೇ ನಡೆದುಬಂದವು. ಬಾಬಾಸಾಹೇಬರು 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ಮಾತಾಡಿ, ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ತಾವು ಫ್ರೆಂಚ್ ಕ್ರಾಂತಿಯಿಂದ ಪಡೆದದ್ದಲ್ಲ, ಬುದ್ಧನಿಂದ ಪಡೆದದ್ದು ಎಂದರು. ನನ್ನ ಪುಟ್ಟ ಮೈಕಿನ ಮುಂದೆ ಕೂತಾಗ ಅದು ನೆನಪಾಗುತ್ತದೆ.

ಆ ಮೈಕು ಮತ್ತು ಆಡಿಯೋ ಇಂಟರ್‌ಫೇಸ್ ಎಂಬ ಡಬ್ಬಿ ನೀವೆಲ್ಲ ಕೈಲಾದಷ್ಟು ಹಾಕಿ ಎಸ್.ಪಿ. ರೋಡಿನಿಂದ ಕೊಡಿಸಿದ್ದು. ಮೊದಲ ವಾರದಲ್ಲೇ ಅವ್ವ ಹೇಳಿದಳು: “ನಿನ್ ಮಾತಿನ ಹಿಂದೆ ಯಾವ್ದೋ ದುಂಬಿ ಕೂತೈತೆ ಕಣಪ್ಪ. ಗುಂಯ್ ಅಂತೈತೆ.”

ನನಗೂ ಕೇಳಿಸುತ್ತಿತ್ತು. ಆದರೆ ನಾನು ಮೇಷ್ಟ್ರು ನೋಡಿ, ಪರೀಕ್ಷೆಗಿಂತ ಮೊದಲೇ ಉತ್ತರ ಗೊತ್ತಿತ್ತು. ಫ್ಯಾನು ಅಂದೆ. ಸೆಕೆಯಲ್ಲಿ ಫ್ಯಾನು ನಿಲ್ಲಿಸಿ ಬೆವರುತ್ತ ಓದಿದೆ, ದುಂಬಿ ಹೋಗಲಿಲ್ಲ. ಮೇಲಿನ ಮನೆಯವರ ಮಿಕ್ಸಿ ಅಂದೆ. ಬೆಳಗಿನ ಜಾವ 4ಕ್ಕೆ ಎದ್ದು ಓದಿದೆ, ಆಗಲೂ ಇತ್ತು. ಮೈಕೇ ಕಳಪೆ ಎಂದು ಅದನ್ನು ಆರಿಸಿ ತಂದ ನಮ್ಮ ಹುಡುಗನ ಮೇಲೆ ಮನಸ್ಸಿನಲ್ಲೇ ಸಿಟ್ಟಾದೆ. ಹೊಸ ಕೇಬಲ್ ತಂದೆ. ಕೊನೆಗೆ ಸದ್ದು ಅಳಿಸುವ ಆಪ್ ಹಾಕಿದಾಗ ದುಂಬಿಯ ಜೊತೆ ನನ್ನ ದನಿಯೂ ಅರ್ಧ ಹೋಗಿ, ಕೊಡದೊಳಗಿಂದ ಮಾತಾಡಿದ ಹಾಗಾಯಿತು.

ಪಿಯುಸಿ ಓದುವ ಮಗಳು ಇದನ್ನೆಲ್ಲ ನೋಡಿ, “ಅಪ್ಪಾ, ಎಲ್ಲಾ ಒಟ್ಟಿಗೆ ಬದಲಾಯಿಸಬೇಡ. ಒಂದೊಂದೇ ತೆಗೆದು ನೋಡೋಣ” ಅಂದಳು. ಇಯರ್‌ಫೋನ್ ಹಾಕಿಕೊಂಡು ಕೂತು, ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಳು. ಸದ್ದು ಇಲ್ಲ. ಹಾಕಿದಳು, ಬಂತು. ಮತ್ತೆ ಕಿತ್ತಳು, ಹೋಯಿತು. ಕೇಸಪುತ್ತದ ಕಾಲಾಮರಿಗೆ ಬುದ್ಧ ಹೇಳಿದ್ದನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ. ಗುರು ಹೇಳಿದನೆಂಬ ಒಂದೇ ಕಾರಣಕ್ಕೆ ಒಪ್ಪಬಾರದ ಪಟ್ಟಿಯಲ್ಲಿ ನಾನೂ ಇದ್ದೇನೆಂದು ಅವತ್ತು ಗೊತ್ತಾಯಿತು. ಪಟಿಚ್ಚಸಮುಪ್ಪಾದ ಎಂದು ನಾವು ಬಾಯಿತುಂಬ ಹೇಳುವುದು ಇದನ್ನೇ ಅಲ್ಲವೇ? ಕಾರಣ ಇದ್ದರೆ ಫಲ ಇರುತ್ತದೆ, ಕಾರಣ ತೆಗೆದರೆ ಫಲ ನಿಲ್ಲುತ್ತದೆ. ಪೂಜೆ, ದೃಷ್ಟಿ, ಹಣೆಬರಹಕ್ಕೆ ಅಲ್ಲಿ ಜಾಗವಿಲ್ಲ.

ಬ್ಯಾಟರಿಯಲ್ಲೇ ಓದಿದರೆ ಆಯಿತು ಎಂದು ನಾನು ಎದ್ದೆ. ಮಗಳು ಬಿಡಲಿಲ್ಲ. ಚಾರ್ಜರ್ ಹಾಕಿ, “ಈಗ ಮೈಕಿನ ಕಬ್ಬಿಣ ಮುಟ್ಟು” ಅಂದಳು. ಮುಟ್ಟಿದೆ, ಸದ್ದು ತಗ್ಗಿತು. ಕೈ ತೆಗೆದರೆ ಏರಿತು. ಮುಟ್ಟುವುದು ಎಂಬ ಮಾತು ನಮ್ಮ ಜನಕ್ಕೆ ಏನೇನು ಮಾಡಿದೆಯೋ, ಇಲ್ಲಿ ನೋಡಿದರೆ ನಾನು ಮುಟ್ಟಿದ್ದಕ್ಕೇ ಸದ್ದಡಗುತ್ತಿದೆ!

ಎಲೆಕ್ಟ್ರಿಷಿಯನ್ ಬಂದು ಟೆಸ್ಟ್ ಲ್ಯಾಂಪ್ ಹಿಡಿದ. (ನೀವೇ ಮಾಡಲು ಹೋಗಬೇಡಿ.) ಫೇಸಿಗೂ ನ್ಯೂಟ್ರಲ್‌ಗೂ ಹಿಡಿದರೆ ಬಲ್ಬು ಜಗ್ಗನೆ ಉರಿಯಿತು. ಫೇಸಿಗೂ ಅರ್ಥಿಗೂ ಹಿಡಿದರೆ ಕತ್ತಲೆ. ಸಾಕೆಟ್ಟಿನ ಮೇಲಿನ ದಪ್ಪ ತೂತು ಬರೀ ತೋರಿಕೆಗೆ, ಅದರ ಹಿಂದೆ ತಂತಿಯೇ ಇಲ್ಲ. ಬನಶಂಕರಿಯ ನಮ್ಮ ಬಾಡಿಗೆ ಮನೆ ಹಳೆಯದು. ಚಾರ್ಜರಿನಿಂದ ಅತಿ ಸಣ್ಣ ಪ್ರಮಾಣದ ಕರೆಂಟು ಆ ಮೂರನೇ ಪಿನ್ನಿನ ಮೂಲಕ ಭೂಮಿಗೆ ಹೋಗಬೇಕು. ದಾರಿ ಇಲ್ಲದಿದ್ದರೆ ಅದು ಲ್ಯಾಪ್‌ಟಾಪಿನ ಮೈಗೆ ಬಂದು, ಕೇಬಲ್ ಹಿಡಿದು ಮೈಕಿಗೆ ಇಳಿಯುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ದುಂಬಿಯ ದನಿ ಅದು, ಅದರ ಎರಡರಷ್ಟು, ಮೂರರಷ್ಟು ಏರಿದ ದನಿಗಳ ಸಮೇತ.

ಆತ ಏಣಿ ಇಳಿಯುತ್ತ ಕೇಳಿದ: “ಸಾರ್, ಫ್ರಿಜ್ ಮುಟ್ಟಿದ್ರೆ ಜುಮ್ ಅನ್ನಲ್ವಾ?”

ಅಡುಗೆಮನೆಯಿಂದ ಅವ್ವ: “ವರ್ಷದಿಂದ ಬಡ್ಕೊತಾ ಇವ್ನಿ.”

ಹೌದು, ಬಡಿದುಕೊಂಡಿದ್ದಳು. ಸಕ್ಕರೆ ಕಾಯಿಲೆಯವರಿಗೆ ಕೈ ಜುಮ್ ಅನ್ನುತ್ತದೆ ಅವ್ವ ಎಂದು ನಾನೇ ತೀರ್ಪು ಕೊಟ್ಟಿದ್ದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ನರಕ್ಕೆ ಮಾತ್ರೆ ಬರೆಸಿದ್ದೆ. ಅದೇ ಕೈಯಲ್ಲಿ ಆಕೆ ದಿನಾ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಫ್ರಿಜ್ ತೆಗೆಯುತ್ತಿದ್ದಳು. ಬಚ್ಚಲಲ್ಲಿ ಗೀಸರ್ ಬೇರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಯಾಕೆ ಜೋರು ಮಾಡಲಿಲ್ಲ ಅವ್ವ ಎಂದು ಕೇಳಿದೆ. “ಇನ್ನೊಂದ್ ಮನೆ ಎಲ್ ಸಿಕ್ತದೆ, ಸುಮ್ನಿರು ಅಂದ್ಕಂಡೆ” ಅಂದಳು. ಈ ಮನೆಗೆ ಮೊದಲು ನಾವು ಎಷ್ಟು ಬಾಗಿಲಲ್ಲಿ ‘ನೀವು ಯಾವ ಜನ’ ಎಂಬ ಪ್ರಶ್ನೆ ಎದುರಿಸಿದೆವು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಾನೂ ಎರಡು ದಿನ ಫೋನ್ ಕೈಯಲ್ಲಿ ಹಿಡಿದು ಇಟ್ಟೆ. ಮೂರನೆಯ ದಿನ ಮಾಲೀಕರಿಗೆ ಮಾಡಿದೆ. ಹಿಂದಿನ ಬಾಡಿಗೆದಾರರು ಯಾರೂ ಹೇಳಿರಲಿಲ್ಲವಲ್ಲ ಎಂದರು. ಅವರಿಗೂ ಜುಮ್ ಅಂದಿರಬೇಕು ಸಾರ್ ಎಂದೆ. ಅರ್ಧ ಖರ್ಚಿಗೆ ಒಪ್ಪಿದರು.

ಹಿತ್ತಲಲ್ಲಿ ಗುಂಡಿ ತೋಡಿ, ಪೈಪು ಹೂಳಿ, ಸುತ್ತ ಇದ್ದಿಲು ಉಪ್ಪು ತುಂಬಿದರು. ಪ್ರತಿ ಸಾಕೆಟ್ಟಿಗೂ ಹಸಿರು ತಂತಿ ಬಂತು. 30 ಮಿಲಿ ಆಂಪಿಯರ್ ಸೋರಿದರೆ ತಾನೇ ಬೀಳುವ ಸ್ವಿಚ್ಚೂ ಕೂತಿತು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುವ ಕೆಲಸ ಅವ್ವ ವಹಿಸಿಕೊಂಡಿದ್ದಾಳೆ. ಮಾರನ ಸೈನ್ಯದ ಕಥೆಯನ್ನು ನಾವ್ಯಾರೂ ಅಕ್ಷರಶಃ ನಂಬುವುದಿಲ್ಲ. ಆದರೂ ನಮ್ಮ ಹಾಲಿನಲ್ಲಿರುವ ಭೂಸ್ಪರ್ಶ ಮುದ್ರೆಯ ಮೂರ್ತಿಯನ್ನು ಈಗ ನೋಡಿದರೆ ಸಣ್ಣಗೆ ನಗು ಬರುತ್ತದೆ.

ಒಂದು ಮಾತು ಮರೆಯುವ ಮುಂಚೆ. ಲ್ಯಾಪ್‌ಟಾಪನ್ನು ಆಂಪ್ಲಿಫೈಯರ್‌ಗೆ ಜೋಡಿಸಿದಾಗ ಗುಂಯ್ ಅಂದರೆ, ಅರ್ಥ್ ಪಿನ್ ಮುರಿದು ಹಾಕಿ ಎನ್ನುವವರಿದ್ದಾರೆ. ಸದ್ದು ಹೋಗಬಹುದು, ಜೀವವೂ ಹೋಗಬಹುದು. ಅಲ್ಲಿ ತೊಂದರೆ ಬೇರೆ: ಅರ್ಥಿಗೆ ಎರಡು ದಾರಿಯಾಗಿ ಸುತ್ತು ಬಿದ್ದಿರುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ನಿಮ್ಮ ಮನೆಯಲ್ಲೂ ಯಾರಾದರೂ ಜುಮ್ ಅನ್ನುತ್ತದೆ ಎಂದರೆ ಎಲೆಕ್ಟ್ರಿಷಿಯನ್ ಕರೆಸಿ. ಮಾಲೀಕರಿಗೆ ಫೋನ್ ಮಾಡಲು ಹಿಂಜರಿಕೆಯಾದರೆ ನನಗೆ ಹೇಳಿ, ಜೊತೆಗೆ ಬರುತ್ತೇನೆ.

ನಿನ್ನೆ ರಾತ್ರಿ ಹೊಸ ಆಡಿಯೋ ಮೊದಲು ಅವ್ವನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

“ದುಂಬಿ ಹೋಯ್ತು. ಈಗ ನೀನು ಒಸಿ ನಿಧಾನಕ್ಕೆ ಓದು.”

ಆಡಿಯೋ ಕೆಳಗಿದೆ. ಜೈ ಭೀಮ್. 🙏