ಜಲಗಾಲನವೂ ಕಡಲ ನೀರೂ

ನೀರನ್ನು ಸೋಸಿ ಬಳಸುವುದು ಶ್ರಾವಕನ ಆಚಾರ. ಇದನ್ನು ಕೇವಲ ಆರೋಗ್ಯದ ನಿಯಮವೆಂದು ಹೊಗಳುವವರು ಅದರ ಅರ್ಧವನ್ನು ಮಾತ್ರ ಕಂಡವರು. ಸೋಸಿದ ಬಳಿಕ ಬಟ್ಟೆಯಲ್ಲುಳಿದ ತ್ರಸಜೀವಿಗಳನ್ನು ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ಯಾವ ಬಾವಿಯ ನೀರೋ ಅದೇ ಬಾವಿಗೆ, ಮೇಲಿನಿಂದ ಸುರಿಯದೆ, ನೀರಿನ ಮಟ್ಟಕ್ಕೆ ಇಳಿಸಿ ಬಿಡಬೇಕೆಂಬುದು ಇನ್ನರ್ಧ. ಮೊದಲನೆಯದರಿಂದ ಕುಡಿಯುವವನು ದೋಷದಿಂದ ಪಾರಾಗುತ್ತಾನೆ. ಎರಡನೆಯದರಿಂದ ಜೀವಿ ಬದುಕುತ್ತದೆ.

ಈ ಎರಡನೆಯ ಅರ್ಧವೇ ಇಂದು ಕಡಲ ತೀರದಲ್ಲಿ ಪ್ರಶ್ನೆಯಾಗಿ ನಿಂತಿದೆ. ಅನೇಕ ಜೈನ ಕುಟುಂಬಗಳು ನೆಲೆಸಿರುವ ಚೆನ್ನೈ ನಗರಕ್ಕೆ ಮೀಂಜೂರಿನ ಸ್ಥಾವರ 2010ರಿಂದಲೂ ನೆಮ್ಮೇಲಿಯದು 2013ರಿಂದಲೂ ಸಮುದ್ರದ ನೀರನ್ನು ಸಿಹಿಯಾಗಿಸಿ ಕೊಡುತ್ತಿವೆ. ಇವೆರಡರ ಸಾಮರ್ಥ್ಯ ದಿನಕ್ಕೆ ತಲಾ 10 ಕೋಟಿ ಲೀಟರ್. 2019ರ ಬೇಸಿಗೆಯಲ್ಲಿ ನಗರದ ಕೆರೆಗಳು ಬತ್ತಿದುದನ್ನು ಕಂಡವರಾರೂ ಇವು ಬೇಡವೆನ್ನಲಾರರು. 2024ರಲ್ಲಿ ನೆಮ್ಮೇಲಿಯಲ್ಲಿಯೇ 15 ಕೋಟಿ ಲೀಟರ್ ಸಾಮರ್ಥ್ಯದ ಇನ್ನೊಂದು ಸ್ಥಾವರ ಆರಂಭವಾಯಿತು.

ಅತ್ಯಂತ ಸೂಕ್ಷ್ಮವಾದ ಪೊರೆಯ ಮೂಲಕ ಹೆಚ್ಚಿನ ಒತ್ತಡದಿಂದ ನೀರನ್ನು ಹಾಯಿಸುವ ಈ ವಿಧಾನದಷ್ಟು ನಿಷ್ಕೃಷ್ಟವಾದ ಸೋಸುವಿಕೆ ಬಟ್ಟೆಯಿಂದ ಸಾಧ್ಯವಿಲ್ಲ. ಆದರೆ ಉಳಿದುದರ ಗತಿಯೇನು? ನೀರೆಳೆಯುವ ಕೊಳವೆಯ ಜಾಲರಿಗೆ ಸಿಕ್ಕಿ ಮೀನುಗಳು ಸಾಯುತ್ತವೆ. ಜಾಲರಿಯಲ್ಲಿ ನುಸುಳುವ ಮೊಟ್ಟೆ ಮರಿಗಳು ಯಂತ್ರದೊಳಗೆ ನಾಶವಾಗುತ್ತವೆ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ತಜ್ಞರು 2019ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನಲ್ಲಿ ದಿನಕ್ಕೆ 9.5 ಕೋಟಿ ಘನ ಮೀಟರ್ ಸಿಹಿನೀರಿನೊಡನೆ 14.2 ಕೋಟಿ ಘನ ಮೀಟರ್ ಗಾಢವಾದ ಉಪ್ಪುನೀರು ಹೊರಬೀಳುತ್ತದೆ. ಅಂದರೆ ಒಂದು ಲೀಟರಿಗೆ ಒಂದೂವರೆ ಲೀಟರ್. ಭಾರವಾದ ಆ ನೀರು ತಳಕ್ಕಿಳಿದರೆ ಅಲ್ಲಿಯ ಜೀವಿಗಳಿಗೆ ಪ್ರಾಣವಾಯು ಕಡಿಮೆಯಾಗುತ್ತದೆ. ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ವಿದ್ಯುತ್ತು ಬೇರೆ. ಸ್ಥಾವರದ ಖಾತೆಯಲ್ಲಿ ವಿದ್ಯುತ್ತಿಗೆ ಕಲಮುಂಟು, ಕಡಲಿಗೆ ಇಲ್ಲ.

ಇದು ಸಂಕಲ್ಪೀ ಹಿಂಸೆಯಲ್ಲ, ನಿಜ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದು. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಎಣಿಸುವ ಧರ್ಮದಲ್ಲಿ, ನಲ್ಲಿ ತಿರುಗಿಸುವವನು ತನಗೇನೂ ಸಂಬಂಧವಿಲ್ಲವೆನ್ನುವಂತಿಲ್ಲ. ತಪ್ಪದ ಹಿಂಸೆಯಲ್ಲಿಯೂ ಯತ್ನಾಚಾರವುಂಟೇ ಎಂಬುದನ್ನು ಕೇಳಬೇಕು. ಯತ್ನ ಅಸಾಧ್ಯವೇನಲ್ಲ. ಕ್ಯಾಲಿಫೋರ್ನಿಯಾ ರಾಜ್ಯವು 2015ರಲ್ಲಿ ಮಾಡಿದ ನಿಯಮದಂತೆ, ಸಾಧ್ಯವಿರುವೆಡೆ ಕಡಲ ತಳದ ಮರಳಿನಡಿಯಿಂದಲೇ ನೀರೆತ್ತಬೇಕು. ಇಲ್ಲದಿದ್ದರೆ ಜಾಲರಿಯ ಸಂದು ಒಂದು ಮಿಲಿಮೀಟರಿಗೆ ಮೀರಬಾರದು. ಮರಳೇ ಸೋಸುವ ಬಟ್ಟೆಯಾದಾಗ ಜೀವಿ ತನ್ನ ನೆಲೆಯಲ್ಲಿಯೇ ಉಳಿಯುತ್ತದೆ! ಲಕ್ಷದ್ವೀಪದ ಕವರತ್ತಿಯಲ್ಲಿ 2005ರಿಂದ ಕಡಲ ಮೇಲಿನ ಬಿಸಿ ಮತ್ತು ಆಳದ ತಂಪುಗಳ ಅಂತರದಿಂದಲೇ ನೀರನ್ನು ಭಟ್ಟಿಯಿಳಿಸುತ್ತಾರೆ. ಅಲ್ಲಿ ಮರಳುವ ನೀರಿನ ಉಪ್ಪು ಹೆಚ್ಚೇನೂ ಏರದು. ಆದರೆ ಅದು ದಿನಕ್ಕೆ ಒಂದು ಲಕ್ಷ ಲೀಟರಿನ ಸ್ಥಾವರ, ಮಹಾನಗರಕ್ಕೆ ಸಾಲದು.

ಆದುದರಿಂದ ಬಳಕೆಯ ಕಡೆಗೂ ನೋಡಬೇಕಾಗುತ್ತದೆ. ನಿಷ್ಪ್ರಯೋಜನವಾಗಿ ನೀರು ಚೆಲ್ಲುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಇಷ್ಟು ಜೀವಗಳ ಬೆಲೆತೆತ್ತು ಬಂದ ನೀರು ಧರ್ಮಶಾಲೆಯ ತೊಟ್ಟಿ ತುಂಬಿ ಹರಿಯುತ್ತಿದ್ದರೆ ಅದಕ್ಕೆ ಆರಂಭೀ ಹಿಂಸೆಯೆಂಬ ಸಮಾಧಾನವೂ ಇಲ್ಲ. ತಮಿಳುನಾಡಿನಲ್ಲಿ 2003ರಿಂದ ಕಟ್ಟಡಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಗಿದೆ. ಬಸದಿಯ ಮಳೆನೀರಿನ ಗುಂಡಿಯನ್ನು ಕೊನೆಯ ಬಾರಿ ಶುಚಿಮಾಡಿಸಿದ ಖರ್ಚು ಯಾವ ವರ್ಷದ ಲೆಕ್ಕಪತ್ರದಲ್ಲಿದೆಯೆಂದು ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಯಾರಾದರೂ ಕೇಳಬಹುದು.